ಬಟ್ಟೆಗೂ ಒಂದು ಲೆಕ್ಕವಿದೆ

ಕಳೆದ ರಂಝಾನ್ ಆರಂಭವಾಗಲು ಎರಡು ವಾರಗಳಿದ್ದಾಗ ನಮ್ಮ ಮನೆಯಲ್ಲಿ ಕಪಾಟುಗಳನ್ನು ಖಾಲಿ ಮಾಡುವ ಕೆಲಸ ನಡೆಯಿತು. ಹಬ್ಬಕ್ಕೆ ಹೊಸ ಬಟ್ಟೆ ಬರಬೇಕಾದರೆ ಹಳೆಯದಕ್ಕೆ ಜಾಗ ಬಿಡಿಸಬೇಕಲ್ಲವೇ? ಮಕ್ಕಳ ಅಂಗಿಗಳು, ಮದುವೆಗೊಮ್ಮೆ ತೊಟ್ಟು ಮಡಚಿಟ್ಟ ಉಡುಪುಗಳು, ಒಂದೆರಡು ಬುರ್ಖಾಗಳು, ನನ್ನದೇ ನಾಲ್ಕಾರು ಜುಬ್ಬಾಗಳು ಸೇರಿ ಮೂರು ದೊಡ್ಡ ಗಂಟುಗಳಾದವು. ಹರಿದದ್ದು ಯಾವುದೂ ಇರಲಿಲ್ಲ. ಪುಣ್ಯದ ಕೆಲಸವೊಂದನ್ನು ಮಾಡುತ್ತಿದ್ದೇನೆಂಬ ಸಂತೋಷದಲ್ಲಿಯೇ ಅವನ್ನು ಊರಿನ ಒಂದು ಅನಾಥ ಮಕ್ಕಳ ವಸತಿನಿಲಯಕ್ಕೆ ಕೊಂಡೊಯ್ದೆ.

ಅಲ್ಲಿಯ ಮೇಲ್ವಿಚಾರಕರು ನನ್ನ ಪರಿಚಯದವರು. ಗಂಟುಗಳನ್ನು ಕಂಡು ಅವರ ಮುಖ ಚಿಕ್ಕದಾಯಿತು. "ಹಜರತ್, ತಪ್ಪು ತಿಳ್ಕೋಬ್ಯಾಡ್ರಿ. ಬಟ್ಟಿ ಇಡಾಕ ನಮ್ಮಲ್ಲಿ ಜಾಗಾ ಇಲ್ರಿ" ಎಂದು ಹೇಳಿ ಹಿಂಬದಿಯ ಕೋಣೆಯೊಂದರ ಬಾಗಿಲು ತೆರೆದರು. ಒಳಗೆ ನೆಲದಿಂದ ಕಿಟಕಿಯ ಮಟ್ಟದವರೆಗೆ ನಮ್ಮ ಗಂಟುಗಳಂತಹವೇ ಗಂಟುಗಳು. "ಹುಡುಗರು ಹಾಕ್ಕೊಳ್ಳೂದಿಲ್ರಿ, ಸೆಕಿ ಅಂತಾರ. ನೆಲಾ ಒರಸೋಣ ಅಂದ್ರ ಅದಕ್ಕೂ ಬರೂದಿಲ್ಲ, ನೀರ ಹೀರೂದಿಲ್ಲ. ಸುಟ್ರ ಕರಿ ಹೊಗಿ ಬರ್ತದ, ಓಣಿಯವರು ಬೈತಾರ. ಏನ್ ಮಾಡೂನು ಹೇಳ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಮೂರು ಗಂಟುಗಳೊಂದಿಗೆ ಮನೆಗೆ ಮರಳಿದೆ. ತನಗೆ ಕೊಟ್ಟರೆ ಮುಖ ತಿರುಗಿಸಿ ಒಲ್ಲದ ಮನಸ್ಸಿನಿಂದ ತೆಗೆದುಕೊಳ್ಳಬಹುದಾದ ವಸ್ತುವನ್ನು ಇತರರಿಗೆ ದಾನ ಮಾಡಬಾರದೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಇದನ್ನು ನಾನೇ ಎಷ್ಟೋ ಸಲ ಮಕ್ಕಳಿಗೆ ಕಲಿಸಿದ್ದೇನೆ. ಅಂದು ನಾನು ಒಯ್ದದ್ದು ಸದಕಾ ಆಗಿರಲಿಲ್ಲ. ನನ್ನ ಮನೆಯ ಕಸವನ್ನು ಅನಾಥರ ಮನೆಗೆ ಸಾಗಿಸಲು ಹೊರಟಿದ್ದೆ, ಅಷ್ಟೇ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಅಜ್ಜನ ಕಮಾನು

ನಮ್ಮದು ನದಾಫ ಮನೆತನ. ಉತ್ತರ ಕರ್ನಾಟಕದಲ್ಲಿ ಪಿಂಜಾರರೆಂದೂ ನಮ್ಮನ್ನು ಕರೆಯುತ್ತಾರೆ. ಮನೆಮಾತು ಕನ್ನಡ, ಪರಂಪರೆಯ ಕಸುಬು ಹತ್ತಿ ಹಿಂಜುವುದು. ಮದರಸಾದಲ್ಲಿ ಅರಬಿ ಕಲಿತ ಮೇಲೆಯೇ 'ನದ್ದಾಫ್' ಎಂದರೆ ಹತ್ತಿ ಹಿಂಜುವವನು ಎಂಬ ಅರಬಿ ಪದವೆಂದು ನನಗೆ ತಿಳಿದದ್ದು. ಹತ್ತಿಗೆ ಅರಬಿಯಲ್ಲಿ 'ಕುತ್ನ್' ಎನ್ನುತ್ತಾರೆ. ಇಂಗ್ಲಿಷಿನ 'ಕಾಟನ್' ಹುಟ್ಟಿದ್ದು ಅದರಿಂದಲೇ. ಮಸ್ಲಿನ್ ಎಂಬ ಹೆಸರಿನೊಳಗೆ ಇರಾಕಿನ ಮೋಸುಲ್ ನಗರವಿದೆ. ಜಗತ್ತು ಬಟ್ಟೆಯ ಬಗ್ಗೆ ಆಡುವ ಮಾತಿನಲ್ಲಿ ಮುಸ್ಲಿಮ್ ಕುಶಲಕರ್ಮಿಗಳ ಬೆವರಿನ ನೆನಪು ಉಳಿದುಕೊಂಡಿದೆ.

ನನ್ನ ಅಜ್ಜ ಹೆಗಲ ಮೇಲೆ ದೊಡ್ಡ ಕಮಾನು ಹೊತ್ತು ಊರೂರು ತಿರುಗುತ್ತಿದ್ದರು. ನಾಲ್ಕಾರು ವರ್ಷ ಮಲಗಿ ಗಟ್ಟಿಯಾದ ಗಾದಿಯನ್ನು ಬಿಚ್ಚಿ, ಒಳಗಿನ ಹತ್ತಿಯನ್ನು ಬಿಸಿಲಿಗೆ ಹರವಿ, ಕಮಾನಿನ ತಂತಿಯನ್ನು ಮೀಟುತ್ತ ಹಿಂಜುತ್ತಿದ್ದರು. ಕಲ್ಲಿನಂತಾಗಿದ್ದ ಹತ್ತಿ ಸಂಜೆಯ ಹೊತ್ತಿಗೆ ಮೋಡದಂತೆ ಹಗುರಾಗುತ್ತಿತ್ತು. ಹೊಸ ಹೊದಿಕೆ ಹೊಲಿದರೆ ಅದೇ ಗಾದಿ ಮತ್ತೆ ಕೆಲವು ವರ್ಷ ಬರುತ್ತಿತ್ತು. ಹೀಗೆ ಒಂದೇ ಹತ್ತಿ ತಂದೆಯಿಂದ ಮಗನಿಗೆ ಬಂದದ್ದುಂಟು. ಅತ್ತ ಮನೆಯ ಹೆಂಗಸರು ಸವೆದ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಕಿ ಕೌದಿ ಹೊಲಿಯುತ್ತಿದ್ದರು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಬಣ್ಣಬಣ್ಣದ ಕೌದಿಗಳು ಇಂದು ದೊಡ್ಡ ನಗರಗಳ ಕಲಾಪ್ರದರ್ಶನಗಳನ್ನು ತಲುಪಿವೆ. ಕೌದಿಯೂ ಜೀರ್ಣವಾದರೆ ನೆಲ ಒರೆಸುವ ಅರಿವೆ; ಅದೂ ಮುಗಿದರೆ ಮಣ್ಣು. ಹತ್ತಿ ಮಣ್ಣಿನಿಂದ ಬಂದು ಮಣ್ಣಿಗೇ ಸೇರುತ್ತಿತ್ತು.

ಇಂದು ಗಾದಿಯೊಳಗೆ ಫೋಮ್ ಇದೆ, ದಿಂಬಿನೊಳಗೆ ಪಾಲಿಯೆಸ್ಟರ್ ನಾರು ಇದೆ. ಅದನ್ನು ಹಿಂಜಲು ಬರುವುದಿಲ್ಲ, ಬಿಸಾಡಬೇಕು. ಅಜ್ಜನ ಕಮಾನು ನಮ್ಮ ಅಟ್ಟದ ಮೇಲಿದೆ. ಗತಕಾಲವೆಲ್ಲ ಚೆನ್ನಾಗಿತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ಹತ್ತಿಯ ಧೂಳು ಉಸಿರಾಡಿ ಅಜ್ಜ ಕೊನೆಯ ದಿನಗಳಲ್ಲಿ ದಮ್ಮಿನಿಂದ ಕಷ್ಟಪಟ್ಟದ್ದನ್ನು ನಾನು ನೋಡಿದ್ದೇನೆ. ಆದರೆ ಅವರ ಕಾಲದ ಬಟ್ಟೆಗೆ ಒಂದು ಅಂತ್ಯವಿತ್ತು, ನಮ್ಮ ಕಾಲದ ಬಟ್ಟೆಗೆ ಅಂತ್ಯವೇ ಇಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಯಾವುದರಿಂದ ಮಾಡಿದ್ದು ಎಂದು ಕೇಳುವುದು ಹೊಸದಲ್ಲ

ಪರಿಸರದ ಮಾತು ಎತ್ತಿದರೆ ನಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಇದು ಶ್ರೀಮಂತ ದೇಶಗಳವರ ಚಿಂತೆ, ದೀನಿಗೂ ನೂಲಿನ ಎಳೆಗೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ. ಹದೀಸ್ ಗ್ರಂಥಗಳಲ್ಲಿ ಉಡುಪಿಗೇ ಮೀಸಲಾದ 'ಕಿತಾಬುಲ್ ಲಿಬಾಸ್' ಎಂಬ ಅಧ್ಯಾಯವಿದೆ. ಅಲ್ಲಿ ಉಡುಪು ಮೈ ಮುಚ್ಚುತ್ತದೆಯೇ ಎಂಬುದಷ್ಟೇ ವಿಷಯವಲ್ಲ, ಅದು ಯಾವುದರಿಂದ ಮಾಡಿದ್ದು ಎಂಬುದೂ ವಿಷಯವೇ. ಗಂಡಸರಿಗೆ ರೇಷ್ಮೆ ನಿಷಿದ್ಧ, ಹೆಂಗಸರಿಗೆ ಅನುಮತಿ. ಆದರೂ ಚರ್ಮದ ತುರಿಕೆಯಿಂದ ಬಳಲುತ್ತಿದ್ದ ಇಬ್ಬರು ಸಹಾಬಿಗಳಿಗೆ ಪ್ರವಾದಿವರ್ಯರು(ಸ) ರೇಷ್ಮೆ ತೊಡಲು ವಿನಾಯಿತಿ ನೀಡಿದರು. ಅಂದರೆ ನೂಲು ಮೈಗೆ ಹಿತವೇ ಅಹಿತವೇ ಎಂಬುದನ್ನೂ ಶರೀಅತ್ ಗಮನಿಸಿದೆ. ಸತ್ತ ಪ್ರಾಣಿಯ ಚರ್ಮ ಹದ ಮಾಡಿದ ಮೇಲೆ ಬಳಸಬಹುದೇ ಎಂಬುದರ ಮೇಲೆ ಇಮಾಮರು ಸುದೀರ್ಘ ಚರ್ಚೆ ನಡೆಸಿದ್ದಾರೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಮಿತವಾಗಿ ಬಳಸಬೇಕೆಂದು ಕಲಿಸಲ್ಪಟ್ಟ ಸಮುದಾಯ ನಮ್ಮದು. ಅಂತಹ ಸಮುದಾಯ ತನ್ನ ಅಂಗಿ ಎಷ್ಟು ನೀರು ಕುಡಿಯಿತೆಂದು ಕೇಳಬಾರದೆಂದರೆ ಅದು ವಿಚಿತ್ರವಲ್ಲವೇ?

ಆದ್ದರಿಂದ ಕೇಳೋಣ. ನಮ್ಮ ಕಪಾಟಿನಲ್ಲಿರುವ ಬಟ್ಟೆಗಳು ಯಾವುದರಿಂದ ಆಗಿವೆ?

ಪಾಲಿಯೆಸ್ಟರ್: ತೊಡುವ ಪ್ಲಾಸ್ಟಿಕ್

ಬಹುಪಾಲು ಪಾಲಿಯೆಸ್ಟರ್‌ನಿಂದ ಆಗಿವೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಈ ನೂಲನ್ನು ಕಂಡುಹಿಡಿದರು. ಇದರ ಮೂಲ ಕಚ್ಚಾತೈಲ. ನೀರಿನ ಬಾಟಲಿ ಯಾವ ಪ್ಲಾಸ್ಟಿಕ್‌ನಿಂದ ಆಗಿದೆಯೋ ಅದನ್ನೇ ಕರಗಿಸಿ ಸಣ್ಣ ರಂಧ್ರಗಳ ಮೂಲಕ ಎಳೆದರೆ ಪಾಲಿಯೆಸ್ಟರ್ ಎಳೆಯಾಗುತ್ತದೆ. ಜಗತ್ತಿನಲ್ಲಿ 2000ದಲ್ಲಿ ಎಲ್ಲ ಬಗೆಯ ನಾರು ಸೇರಿ ಸುಮಾರು 5.8 ಕೋಟಿ ಟನ್ ಉತ್ಪಾದನೆಯಾಗಿತ್ತು. 2023ರಲ್ಲಿ ಅದು ಸುಮಾರು 12.4 ಕೋಟಿ ಟನ್‌ಗೆ ಏರಿತು. ಜನಸಂಖ್ಯೆ ಎರಡು ಪಟ್ಟಾಗಲಿಲ್ಲ, ಬಟ್ಟೆ ಮಾತ್ರ ಆಯಿತು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಹತ್ತಿಯ ಪಾಲು ಐದರಲ್ಲಿ ಒಂದು.

ಜಾರ್ಜೆಟ್, ಕ್ರೇಪ್, ನಿದಾ ಎಂಬ ಚೆಂದದ ಹೆಸರುಗಳಲ್ಲಿ ನಮ್ಮ ಪೇಟೆಗಳಲ್ಲಿ ಮಾರಾಟವಾಗುವ ಬುರ್ಖಾ ಬಟ್ಟೆಗಳಲ್ಲಿ ಹೆಚ್ಚಿನವು ಇದೇ ನೂಲಿನವು. ಹೊಳಪಿನ ಶೇರ್ವಾನಿ, ಮಕ್ಕಳ ಹಬ್ಬದ ಫ್ರಾಕು, 'ಆರ್ಟ್ ಸಿಲ್ಕ್' ಸೀರೆಗಳ ಕಥೆಯೂ ಹೆಚ್ಚುಕಡಿಮೆ ಇದೇ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಪ್ಪು ಪಾಲಿಯೆಸ್ಟರ್ ಹೊದ್ದು ಬಸ್ಸಿಗೆ ಕಾಯುವ ನಮ್ಮ ತಾಯಂದಿರು, ಸೋದರಿಯರು ಬೆವರಿನಲ್ಲಿ ತೊಯ್ಯುತ್ತಾರೆ. ಬೆವರನ್ನು ಬಟ್ಟೆ ಹೀರುವುದಿಲ್ಲ. ಒಲೆಯ ಬಳಿ ಇನ್ನೊಂದು ಅಪಾಯವಿದೆ. ಹತ್ತಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ನಮ್ಮ ಬಂಧುಗಳಲ್ಲೊಬ್ಬ ತಾಯಿಯ ತೋಳಿನ ಮೇಲೆ ಅಂತಹ ಗುರುತು ಇದೆ. ಹಾಲು ಉಕ್ಕುವುದನ್ನು ತಡೆಯಲು ಓಡಿದಾಗ ದುಪಟ್ಟಾದ ಸೆರಗು ಒಲೆಗೆ ತಾಗಿತ್ತು.

ಬಟ್ಟೆ ತೊಳೆಯುವಾಗ ಏನಾಗುತ್ತದೆ? ಪ್ರತಿ ತೊಳೆತದಲ್ಲೂ ಕಣ್ಣಿಗೆ ಕಾಣದ ಎಳೆಗಳು ಉದುರಿ ನೀರಿಗೆ ಸೇರುತ್ತವೆ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಸೂಕ್ಷ್ಮಕಣಗಳ ರೂಪದಲ್ಲಿಯೇ ಸಮುದ್ರ ಸೇರುವ ಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ. 35ರಷ್ಟು ಕೃತಕ ಬಟ್ಟೆಗಳ ತೊಳೆತದಿಂದ ಬರುತ್ತದೆ. 2022ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಮನುಷ್ಯನ ರಕ್ತದಲ್ಲಿಯೂ ಪ್ಲಾಸ್ಟಿಕ್ ಕಣಗಳನ್ನು ಪತ್ತೆಹಚ್ಚಿದರು. ನಾವು ಮೈಮೇಲೆ ಹಾಕಿಕೊಂಡದ್ದು ಮೈಯೊಳಗೂ ಬರುವ ದಾರಿ ತೆರೆದುಕೊಂಡಿದೆ.

'ಮರುಬಳಕೆಯ ಪಾಲಿಯೆಸ್ಟರ್' ಎಂಬ ಹಸಿರು ಚೀಟಿ ಅಂಟಿಸಿದ ಬಟ್ಟೆಗಳೂ ಈಗ ಬಂದಿವೆ. ಇವುಗಳಲ್ಲಿ ಬಹುಪಾಲು ಹಳೆಯ ಬಟ್ಟೆಯಿಂದಾದವುಗಳಲ್ಲ, ನೀರಿನ ಬಾಟಲಿಗಳಿಂದಾದವು. ಬಾಟಲಿಯನ್ನು ಮತ್ತೆ ಬಾಟಲಿ ಮಾಡಬಹುದು. ಅಂಗಿಯಾದ ಮೇಲೆ ಅದರ ಪಯಣ ಸಾಮಾನ್ಯವಾಗಿ ಕಸದ ಗುಡ್ಡೆಯಲ್ಲಿ ಕೊನೆಗೊಳ್ಳುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿ ನೇಯ್ದ ಬಟ್ಟೆಯನ್ನು ಬೇರ್ಪಡಿಸುವುದಂತೂ ಇನ್ನೂ ಕಷ್ಟ. ಹರಿಯಾಣದ ಪಾಣಿಪತ್‌ನಲ್ಲಿ ಜಗತ್ತಿನ ಹಳೆಯ ಬಟ್ಟೆಗಳನ್ನು ಚಿಂದಿ ಮಾಡಿ ಕಂಬಳಿ ನೇಯುವ ದೊಡ್ಡ ಉದ್ಯಮವೇ ಇದೆ. ಆದರೂ ಜಗತ್ತಿನಲ್ಲಿ ಹಳೆಯ ಬಟ್ಟೆ ಮತ್ತೆ ಹೊಸ ಬಟ್ಟೆಯಾಗುವ ಪ್ರಮಾಣ ಶೇ. 1ಕ್ಕಿಂತ ಕಡಿಮೆ.

ಹತ್ತಿಯೂ ನಿರಪರಾಧಿಯಲ್ಲ

ಹಾಗಾದರೆ ಹತ್ತಿ ತೊಟ್ಟರೆ ಮುಗಿಯಿತೇ? ಹತ್ತಿ ಹಿಂಜುವವರ ಮೊಮ್ಮಗನಾದ ನಾನು ಹೌದೆಂದು ಹೇಳಿಬಿಟ್ಟರೆ ಅದು ಪಕ್ಷಪಾತವಾದೀತು.

ಮದರಸಾದಲ್ಲಿ ಓದಿದ ಪ್ರತಿಯೊಬ್ಬರಿಗೂ ಇಮಾಮ್ ತಿರ್ಮಿದಿಯವರ ಹೆಸರು ಗೊತ್ತು. ಅವರ ಊರು ತಿರ್ಮಿದ್ ಇರುವುದು ಇಂದಿನ ಉಜ್ಬೇಕಿಸ್ತಾನದಲ್ಲಿ, ಅಮು ದರ್ಯಾ ನದಿಯ ದಡದಲ್ಲಿ. ನಮ್ಮ ಹಳೆಯ ಗ್ರಂಥಗಳಲ್ಲಿ ಈ ನದಿಯ ಹೆಸರು ಜೈಹೂನ್. ಈ ನದಿಯೂ ಸಿರ್ ದರ್ಯಾ ನದಿಯೂ ಸಾವಿರಾರು ವರ್ಷ ಅರಾಲ್ ಸಮುದ್ರಕ್ಕೆ ನೀರುಣಿಸಿದವು. ಸಮುದ್ರವೆಂದು ಕರೆದರೂ ಅದು ಸರೋವರ. 1960ರ ಹೊತ್ತಿಗೆ ಅದರ ವಿಸ್ತಾರ ಸುಮಾರು 68,000 ಚದರ ಕಿಲೋಮೀಟರ್, ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರ. ಅಂದಿನ ಸೋವಿಯತ್ ಸರಕಾರ ಮರುಭೂಮಿಯಲ್ಲಿ ಹತ್ತಿ ಬೆಳೆಯಲು ಎರಡೂ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿತು. ಹತ್ತಿ ಬೆಳೆಯಿತು. ಐವತ್ತು ವರ್ಷಗಳೊಳಗೆ ಸಮುದ್ರ ಹತ್ತರಲ್ಲಿ ಒಂದು ಪಾಲಿಗೆ ಕುಗ್ಗಿತು. ಒಂದು ಕಾಲದಲ್ಲಿ ಮೀನುಗಾರರ ಬಂದರಾಗಿದ್ದ ಮೊಯ್ನಾಕ್ ಪಟ್ಟಣದಲ್ಲಿ ಇಂದು ತುಕ್ಕು ಹಿಡಿದ ಹಡಗುಗಳು ಮರಳಿನ ಮೇಲೆ ನಿಂತಿವೆ. ಬತ್ತಿದ ತಳದಿಂದ ಉಪ್ಪು ಮತ್ತು ಕೀಟನಾಶಕ ಬೆರೆತ ಧೂಳು ಎದ್ದು ಸುತ್ತಲಿನ ಊರುಗಳ ಜನರ ಶ್ವಾಸಕೋಶ ಸೇರಿತು. 2005ರಲ್ಲಿ ಕಝಾಕಿಸ್ತಾನ ಕಟ್ಟಿದ ಅಣೆಕಟ್ಟಿನಿಂದ ಉತ್ತರದ ಸಣ್ಣ ಭಾಗವೊಂದು ಚೇತರಿಸಿಕೊಂಡು ಮೀನು ಮರಳಿದೆ. ಉಳಿದದ್ದು ಮರುಭೂಮಿ. ಅಲ್ಲಿ ಬಾಳಿದವರು, ಬಳಲಿದವರು ಬಹುತೇಕ ನಮ್ಮದೇ ಕಲಿಮಾ ಹೇಳುವವರು. ಇಮಾಮರ ಊರಿನ ಪಕ್ಕ ಹರಿಯುವ ನದಿ ಇಂದು ಸಮುದ್ರ ತಲುಪುವುದೇ ಅಪರೂಪ ಎಂಬುದನ್ನು ತಿಳಿದ ದಿನ ನನಗೆ ಪಾಠ ಮಾಡಲು ಮನಸ್ಸಾಗಲಿಲ್ಲ.

ಒಂದು ಕಿಲೋ ಹತ್ತಿ ಬಟ್ಟೆಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂದು ಲೆಕ್ಕ ಹಾಕುತ್ತಾರೆ. ಆದರೆ ಇದರಲ್ಲಿ ಮಳೆಯ ನೀರೂ ಸೇರಿದೆ. ಮಳೆ ನೀರಿನಲ್ಲಿ ಬೆಳೆದ ಹತ್ತಿಗೂ ಕಾಲುವೆ ಅಥವಾ ಕೊಳವೆಬಾವಿ ಬತ್ತಿಸಿ ಬೆಳೆದ ಹತ್ತಿಗೂ ಬಹಳ ಅಂತರವಿದೆ. ನಮ್ಮ ಧಾರವಾಡ ಭಾಗದ ಎರೆ ಹೊಲಗಳಲ್ಲಿ 'ಜಯಧರ'ದಂತಹ ದೇಶಿ ತಳಿಗಳು ಮಳೆಯನ್ನೇ ನಂಬಿ ಬೆಳೆಯುತ್ತಿದ್ದವು. ಎಳೆ ಗಿಡ್ಡ, ಇಳುವರಿ ಕಡಿಮೆ; ಆದರೆ ಬರವನ್ನು ತಾಳುತ್ತಿದ್ದವು, ಬೀಜವನ್ನು ರೈತ ಮನೆಯಲ್ಲೇ ಇಟ್ಟುಕೊಳ್ಳಬಹುದಾಗಿತ್ತು. ಗಿರಣಿಗಳಿಗೆ ಉದ್ದ ಎಳೆ ಬೇಕಾಯಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಇಂದು ದೇಶದ ಹತ್ತಿ ಹೊಲಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಅದೇ. ಕಾಯಿಕೊರಕದ ಕಾಟ ಮೊದಲಿಗೆ ತಗ್ಗಿ ರೈತರಿಗೆ ಲಾಭವಾದದ್ದು ನಿಜ. ಮುಂದೆ ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡು ಮರಳಿ ಬಂದದ್ದೂ ನಿಜ. ಹೈಬ್ರಿಡ್ ಆದ್ದರಿಂದ ಬೀಜವನ್ನು ಪ್ರತಿ ವರ್ಷ ಕೊಳ್ಳಬೇಕು, ಸಾಲವೂ ಪ್ರತಿ ವರ್ಷ.

ಮರದ ನಾರಿಗೆ ನಮ್ಮದೇ ನದಿ ಸಾಕ್ಷಿ

ಇನ್ನು ರೇಯಾನ್, ವಿಸ್ಕೋಸ್. "ಇದು ಮರದಿಂದ ಮಾಡಿದ್ದು, ಪ್ಲಾಸ್ಟಿಕ್ ಅಲ್ಲ, ನೈಸರ್ಗಿಕ" ಎಂದು ಅಂಗಡಿಯವರು ಹೇಳುತ್ತಾರೆ. ಮೈಗೆ ತಂಪು ಎಂಬುದೂ ನಿಜ. ಆದರೆ ಗಟ್ಟಿ ಮರವನ್ನು ಮೃದು ಎಳೆಯಾಗಿಸಲು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ನಂತಹ ರಾಸಾಯನಿಕಗಳು ಬೇಕು. ಎರಡನೆಯದು ಕಾರ್ಮಿಕರ ನರಗಳನ್ನು ಹಾಳುಮಾಡುವ ವಿಷ.

ಇದರ ಕಥೆ ತಿಳಿಯಲು ದೂರ ಹೋಗಬೇಕಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಡದ ಮೇಲೆ ಇಂತಹ ನಾರಿಗೆ ಬೇಕಾದ ತಿರುಳು ತಯಾರಿಸುವ ಕಾರ್ಖಾನೆ ಬಂತು. ಸಾವಿರಾರು ಜನರಿಗೆ ಕೆಲಸ ಕೊಟ್ಟಿತು. 1980ರ ದಶಕದಲ್ಲಿ ನದಿಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಕೆಳದಂಡೆಯ ಹಳ್ಳಿಗಳ ಜನ ಬೀದಿಗಿಳಿದರು. ಅದೇ ದಶಕದಲ್ಲಿ ಈ ಉದ್ಯಮಕ್ಕೆ ನೀಲಗಿರಿ ಬೆಳೆದುಕೊಡಲು ಸರಕಾರ ಮತ್ತು ಖಾಸಗಿ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಮಾಡಿಕೊಂಡವು. ಹಳ್ಳಿಗಳ ದನ ಮೇಯುವ, ಬಡವರು ಸೌದೆ ಆಯುವ ಸಾಮೂಹಿಕ ಭೂಮಿ ಅದರ ಪಾಲಾಗತೊಡಗಿತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಜನರನ್ನು ಸಂಘಟಿಸಿದರು, ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿದಾರರಾಗಿ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಸಿದರು. ಒಂದಿಷ್ಟು ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಸಸಿಗಳನ್ನು ನೆಟ್ಟರು. ಕೊನೆಗೆ 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು.

ಮರವೊಂದು ನೈಸರ್ಗಿಕವಾದ ಮಾತ್ರಕ್ಕೆ ಅದರಿಂದಾದ ಬಟ್ಟೆ ನಿರ್ದೋಷಿಯಾಗುವುದಿಲ್ಲ ಎಂಬುದನ್ನು ನಮ್ಮದೇ ಜಿಲ್ಲೆಗಳ ರೈತರು, ಮೀನುಗಾರರು ಜಗತ್ತಿಗಿಂತ ಮೊದಲೇ ಅರಿತಿದ್ದರು. ಇಂದು ರಾಸಾಯನಿಕಗಳನ್ನು ಹೊರಬಿಡದೆ ಮರುಬಳಸುವ ಹೊಸ ವಿಧಾನಗಳು ಬಂದಿವೆ. ಲಯೋಸೆಲ್ ಎಂಬ ನಾರು ಹಾಗೆ ತಯಾರಾಗುತ್ತದೆ. ಅದು ಒಳ್ಳೆಯದೇ. ಆದರೆ ಅದರ ಬೆಲೆ ನಮ್ಮಲ್ಲಿ ಹೆಚ್ಚಿನವರಿಗೆ ಎಟುಕುವುದಿಲ್ಲ.

ರೇಷ್ಮೆಯ ಬಗ್ಗೆಯೂ ಒಂದು ಮಾತು. ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬಿನಲ್ಲಿ ರಾಮನಗರ, ಶಿಡ್ಲಘಟ್ಟದ ಎಷ್ಟೋ ಮುಸ್ಲಿಮ್ ಕುಟುಂಬಗಳು ಇಂದಿಗೂ ನೂಲು ಬಿಚ್ಚಾಣಿಕೆ ಮಾಡಿ ಬದುಕುತ್ತಿವೆ. ಕುದಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ತೆಗೆದವನಿಗೆ ಆ ರೇಷ್ಮೆಯನ್ನು ತಾನು ತೊಡುವಂತಿಲ್ಲ. ಆದರೆ ಆ ಒಂದು ಸೀರೆ ತಾಯಿಯಿಂದ ಮಗಳಿಗೆ, ಮಗಳಿಂದ ಸೊಸೆಗೆ ಹೋಗುತ್ತದೆ. ಅದೇ ಹಣಕ್ಕೆ ಬರುವ ಹತ್ತು ಹೊಳೆಯುವ ಪಾಲಿಯೆಸ್ಟರ್ ಸೀರೆಗಳು ಎರಡು ವರ್ಷದಲ್ಲಿ ಅನಾಥಾಲಯದ ಹಿಂಬದಿಯ ಕೋಣೆ ಸೇರುತ್ತವೆ.

ದೋಷ ಎಳೆಯಲ್ಲಿ ಎಷ್ಟು, ಎಣಿಕೆಯಲ್ಲಿ ಎಷ್ಟು?

ಹೀಗೆ ನೋಡುತ್ತ ಹೋದರೆ ಪೂರ್ಣ ನಿರ್ದೋಷಿಯಾದ ನೂಲು ಒಂದೂ ಸಿಗುವುದಿಲ್ಲ. ಆದ್ದರಿಂದ ಎಲ್ಲವೂ ಒಂದೇ, ಏನು ತೊಟ್ಟರೇನು ಎನ್ನುವುದು ಸರಿಯೇ? ಸರಿಯಲ್ಲ. ಮಳೆಯಾಶ್ರಿತ ಹತ್ತಿಯ ಒಂದು ಕೈಮಗ್ಗದ ಅಂಗಿ ಮಣ್ಣಿಗೆ ಸೇರುತ್ತದೆ, ಪಾಲಿಯೆಸ್ಟರ್ ಅಂಗಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಇವೆರಡು ಸಮವಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ನೂಲಿನ ದೋಷಕ್ಕಿಂತ ದೊಡ್ಡದು ನಮ್ಮ ಎಣಿಕೆಯ ದೋಷ. ಹತ್ತಿಯದೇ ಇಪ್ಪತ್ತು ಅಂಗಿ ಕೊಂಡವನು, ಪಾಲಿಯೆಸ್ಟರಿನ ಎರಡೇ ಅಂಗಿಗಳನ್ನು ಆರು ವರ್ಷ ತೊಟ್ಟವನಿಗೆ ಉಪದೇಶ ಮಾಡಬಾರದು. ಇಸ್ರಾಫ್ ಎಂಬುದು ಬಳಕೆಯ ಮಿತಿ ಮೀರುವುದರ ಹೆಸರು. ಅದು ಯಾವ ಬಟ್ಟೆಯಲ್ಲಿಯೂ ನಡೆಯಬಹುದು.

ಪಾಲಿಯೆಸ್ಟರ್ ಹೇಗೆ ಮನೆ ಹೊಕ್ಕಿತೆಂದು ತಿಳಿಯಲು ಹುಬ್ಬಳ್ಳಿಯ ಬೆಂಗೇರಿಯನ್ನು ನೋಡಿ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲುವವರು, ಹೊಲಿಯುವವರು ಬಹುತೇಕ ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ನೀಡಲಾಯಿತು. ಮನೆಮನೆಯಲ್ಲೂ ಧ್ವಜ ಹಾರಿದ 2022ರ ಸ್ವಾತಂತ್ರ್ಯೋತ್ಸವ ಈ ಹೆಣ್ಣುಮಕ್ಕಳ ಪಾಲಿಗೆ ಸುಗ್ಗಿಯಾಗಬೇಕಿತ್ತು. ಅಗ್ಗದ ಪಾಲಿಯೆಸ್ಟರ್ ಧ್ವಜಗಳ ಮುಂದೆ ಖಾದಿಗೆ ಬೇಡಿಕೆ ಕುಸಿಯಿತು. ನಾವು ಸರಕಾರವನ್ನು ಟೀಕಿಸುವುದು ಸುಲಭ. ಆದರೆ ನಮ್ಮ ಮನೆಯೊಳಗೆ ನಾವೂ ಇದೇ ತಿದ್ದುಪಡಿಯನ್ನು ಯಾವಾಗಲೋ ಮಾಡಿಕೊಂಡಿದ್ದೇವೆ.

ಮನೆಯವರ ಪ್ರಶ್ನೆ

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಪತ್ನಿ ಕೇಳಿದ ಪ್ರಶ್ನೆಯನ್ನು ಮುಚ್ಚಿಡಲಾರೆ. "ಹತ್ತಿ ಬುರ್ಖಾ ನಾಲ್ಕು ಸಲ ತೊಳದ್ರ ಬಣ್ಣಾ ಬಿಡ್ತದ. ಮಳಿಗಾಲದಾಗ ಎರಡು ದಿನಾ ಒಣಗೂದಿಲ್ಲ. ಇಸ್ತ್ರಿ ಯಾರು ಮಾಡ್ತಾರ, ನೀವು ಮಾಡ್ತೀರೇನು?" ಇದು ತಮಾಷೆಯ ಮಾತಲ್ಲ. ಪಾಲಿಯೆಸ್ಟರ್ ನಮ್ಮ ಹೆಂಗಸರ ಎಷ್ಟೋ ದುಡಿಮೆಯನ್ನು ಹಗುರ ಮಾಡಿದೆ. ದಿನಗೂಲಿಯ ಕುಟುಂಬಕ್ಕೆ ಹಬ್ಬದ ದಿನ ಮಗುವಿಗೆ ಬಣ್ಣದ ಅಂಗಿ ತೊಡಿಸುವ ಸಂತೋಷವನ್ನು ಕೊಟ್ಟಿದೆ. ಬೇರೆ ಕೊಳ್ಳಲಾಗದೆ ಅದನ್ನು ಕೊಂಡವರನ್ನು ನಾಚಿಸುವ ಹಕ್ಕು ಯಾರಿಗೂ ಇಲ್ಲ. ನನ್ನ ಮಾತು ಆಯ್ಕೆಯಿರುವವರಿಗೆ, ಅಂದರೆ ಒಂದು ಹಬ್ಬಕ್ಕೆ ಮೂರು ಜೊತೆ ಕೊಳ್ಳಬಲ್ಲ ನನ್ನಂಥವರಿಗೆ. ಆ ಪ್ರಶ್ನೆಗೆ ಉತ್ತರವಾಗಿ ಜುಮಾದ ಹಿಂದಿನ ದಿನ ನಮ್ಮ ಮನೆಯಲ್ಲಿ ಇಸ್ತ್ರಿ ಮಾಡುವುದು ಈಗ ನನ್ನ ಕೆಲಸ. ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಆ ಸುನ್ನತ್‌ನ ಮುಂದೆ ನನ್ನ ಇಸ್ತ್ರಿ ಏನೂ ಅಲ್ಲ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಕೊಳ್ಳುವ ಮುನ್ನ ಅಂಗಿಯ ಒಳಹೊಲಿಗೆಯಲ್ಲಿರುವ ಚೀಟಿಯನ್ನು ಓದೋಣ. ಚೀಟಿಯಿಲ್ಲದ ಬಟ್ಟೆಯಾದರೆ ನಮ್ಮ ಹಿರಿಯರ ಪರೀಕ್ಷೆಯಿದೆ. ಒಂದು ಎಳೆ ಕಿತ್ತು, ದೊಡ್ಡವರ ಕೈಯಲ್ಲಿ, ಎಚ್ಚರದಿಂದ ಸುಟ್ಟು ನೋಡಿ. ಕಾಗದದಂತೆ ಉರಿದು ಮೆತ್ತನೆಯ ಬೂದಿಯಾದರೆ ಹತ್ತಿ ಅಥವಾ ರೇಯಾನ್. ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಎರಡನೆಯದಾಗಿ, ಹಬ್ಬಕ್ಕೆ ಒಂದು ಜೊತೆ ಸಾಕೆಂದು ಮನೆಯವರೆಲ್ಲ ಕುಳಿತು ತೀರ್ಮಾನಿಸೋಣ. ಇರುವುದರಲ್ಲಿ ಉತ್ತಮವಾದ, ಶುಭ್ರವಾದ ಉಡುಪು ತೊಡುವುದು ಈದ್‌ನ ಶಿಷ್ಟಾಚಾರ. ಹೊಸದೇ ಆಗಬೇಕೆಂಬ ಕಡ್ಡಾಯವಿಲ್ಲ. ಮಕ್ಕಳಿಗೆ ಹೊಲಿಸುವಾಗ ದರ್ಜಿಗೆ ಹೇಳಿ ಒಳಗೆ ಎರಡು ಬೆರಳು ಹೆಚ್ಚು ಬಟ್ಟೆ ಬಿಡಿಸಿದರೆ ಮುಂದಿನ ವರ್ಷಕ್ಕೂ ಬಿಚ್ಚಿ ಹೊಲಿಸಬಹುದು. ಮದುವೆಗಳಲ್ಲಿ ಬಂಧುಗಳೆಲ್ಲ ಒಂದೇ ಬಣ್ಣ ತೊಡಬೇಕೆಂದು ಒಂದು ದಿನದ ಬಟ್ಟೆಗೆ ಎಲ್ಲರಿಂದ ಖರ್ಚು ಮಾಡಿಸುವ ಹೊಸ ರೂಢಿಯನ್ನು ಹಿರಿಯರು ನಿಲ್ಲಿಸಬೇಕು.

ಮೂರನೆಯದಾಗಿ, ಕಪಾಟಿನಲ್ಲಿ ಈಗಾಗಲೇ ಇರುವ ಪಾಲಿಯೆಸ್ಟರನ್ನು ಎಸೆದು ಹತ್ತಿ ಕೊಳ್ಳಲು ಓಡಬೇಡಿ. ಅದು ಇನ್ನೊಂದು ದುಂದುಗಾರಿಕೆ. ಇರುವುದನ್ನು ಸವೆಯುವವರೆಗೆ ತೊಡಿ. ಕೊಳೆಯಾಗದೆ ತೊಳೆಯಬೇಡಿ.

ನಾಲ್ಕನೆಯದಾಗಿ, ದಾನ ಕೊಡುವ ಮುನ್ನ ಏನು ಬೇಕೆಂದು ಕೇಳಿ. ಹಳೆಯ ಹತ್ತು ಅಂಗಿಗಳಿಗಿಂತ, ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳಲು ಒಂದು ಮಗುವಿಗೆ ನೀಡಿದ ಹಣ ಮೇಲು.

ಐದನೆಯದು ನನ್ನಂತಹ ಶಿಕ್ಷಕರಿಗೆ ಮತ್ತು ಜಮಾಅತ್ ಸಮಿತಿಗಳಿಗೆ. ನಮ್ಮ ಮದರಸಾದಲ್ಲಿ ಈ ವರ್ಷ ಒಂದು ಕಪಾಟು ಇಟ್ಟಿದ್ದೇವೆ. ದೊಡ್ಡ ಮಕ್ಕಳು ಗಿಡ್ಡವಾದ ಸಮವಸ್ತ್ರವನ್ನು ಒಗೆದು, ಗುಂಡಿ ಹೊಲಿದು ಅಲ್ಲಿಡುತ್ತಾರೆ, ಚಿಕ್ಕವರು ಒಯ್ಯುತ್ತಾರೆ. ಯಾರು ಬಡವರು, ಯಾರು ಸ್ಥಿತಿವಂತರು ಎಂಬ ಭೇದ ಬೀಳದಿರಲೆಂದು ಮೊದಲ ದಿನ ನನ್ನ ಮಗನಿಗೂ ಅಲ್ಲಿಂದಲೇ ಒಂದು ಜುಬ್ಬಾ ತೆಗೆದುಕೊಟ್ಟೆ. ಮುಂದಿನ ವರ್ಷದ ಸಮವಸ್ತ್ರಕ್ಕೆ ಹತ್ತಿ ಬಟ್ಟೆ ಆರಿಸಬೇಕೆಂಬ ನನ್ನ ಮನವಿ ಸಮಿತಿಯ ಮುಂದಿದೆ. ಬೆಲೆ ಹೆಚ್ಚೆಂದು ಕೆಲವರ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪವೇ. ಎರಡು ಜೊತೆಯ ಬದಲು ಬಾಳಿಕೆ ಬರುವ ಒಂದೂವರೆ ಜೊತೆ, ಅಂದರೆ ಒಂದು ಜೊತೆ ಹೊಸದು, ಇನ್ನೊಂದು ಕಪಾಟಿನಿಂದ ಎಂಬುದು ನನ್ನ ಉತ್ತರ. ಚರ್ಚೆ ನಡೆಯುತ್ತಿದೆ.

ಮೂರು ಗಂಟುಗಳು ಏನಾದವು ಎಂದು ನೀವು ಕೇಳಬಹುದು. ಹತ್ತಿಯವನ್ನು ಬೇರ್ಪಡಿಸಿದಾಗ ಅರ್ಧ ಗಂಟು ಸಿಕ್ಕಿತು. ಅದರಿಂದ ನನ್ನ ಅವ್ವ ಕೌದಿಯೊಂದನ್ನು ಹೊಲಿಯುತ್ತಿದ್ದಾಳೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ. ಉಳಿದ ಎರಡೂವರೆ ಗಂಟು ಇನ್ನೂ ನಮ್ಮ ಅಟ್ಟದ ಮೇಲೆ, ಅಜ್ಜನ ಕಮಾನಿನ ಪಕ್ಕದಲ್ಲಿದೆ. ಬೇಕೆಂದೇ ಅಲ್ಲಿಟ್ಟಿದ್ದೇನೆ. ಹೊಸ ಬಟ್ಟೆ ಕೊಳ್ಳಬೇಕೆನಿಸಿದಾಗ ಮೇಲೆ ನೋಡುತ್ತೇನೆ.

ಸಹೋದರ ಸಹೋದರಿಯರೇ, ನಮ್ಮೆಲ್ಲರ ಕೊನೆಯ ಉಡುಪು ಯಾವುದೆಂದು ನಮಗೆ ಈಗಾಗಲೇ ಗೊತ್ತಿದೆ. ಗಂಡಸಿಗೆ ಮೂರು, ಹೆಂಗಸಿಗೆ ಐದು ತುಂಡು ಸಾದಾ ಬಿಳಿ ಬಟ್ಟೆ. ಅದಕ್ಕೆ ಜೇಬಿಲ್ಲ, ಹೊಳಪಿಲ್ಲ, ಅಂಗಡಿಯ ಹೆಸರಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ಕಫನ್‌ಗೆ ಹತ್ತಿಯನ್ನೇ ತರುತ್ತಾರೆ. ಅದು ನಮ್ಮೊಡನೆ ಮಣ್ಣಿಗಿಳಿದು ಮಣ್ಣಾಗುತ್ತದೆ. ಅದಕ್ಕಿಂತ ಮೊದಲು ತೊಟ್ಟ ನೂರಾರು ಬಟ್ಟೆಗಳು ಮಾತ್ರ ಭೂಮಿಯ ಮೇಲೆಯೇ ಉಳಿದಿರುತ್ತವೆ. ಪ್ರತಿಯೊಂದು ಅನುಗ್ರಹದ ಕುರಿತೂ ನಮ್ಮನ್ನು ವಿಚಾರಿಸಲಾಗುವುದೆಂದು ನಂಬಿದವರು ನಾವು. ಉಡುಪೂ ಒಂದು ಅನುಗ್ರಹ. ಅದರ ಲೆಕ್ಕ ಹಗುರವಾಗುವಂತೆ ಬದುಕುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.